ತರಗತಿಯ ಗಿನಿಪಿಗ್ ರಜೆಗೆ ಮನೆಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಗಳ ತರಗತಿಯಲ್ಲಿ ಎರಡು ಗಿನಿಪಿಗ್ ಇವೆ. ಒಂದು ಶೇಂಗಾ, ಇನ್ನೊಂದು ಬೆಲ್ಲ. ಹೆಸರು ಮಕ್ಕಳೇ ಇಟ್ಟದ್ದು. ಮೊದಲು ದಸರಾ ರಜೆಗೆ ಬಂದವು. ಆಮೇಲೆ ಎರಡು ಬೇಸಿಗೆ ರಜೆಯನ್ನೂ ವಿಜಯಪುರದ ನಮ್ಮ ಮನೆಯಲ್ಲೇ ಕಳೆದವು. ಈಗ ಮಾರ್ಚ್ ಬಂತೆಂದರೆ ಮುಂದಿನ ಸರದಿಯ ಮನೆಯವರ ಫೋನ್ ಶುರುವಾಗುತ್ತದೆ. ಶಾಲೆಯ ಗೇಟಿನಲ್ಲಿ, ಮದುವೆ ಪಂಗತಿಯಲ್ಲಿ, ಮಕ್ಕಳ ಕೈಲಿ ಕಳಿಸಿದ ಚೀಟಿಗಳಲ್ಲಿ ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ. ನಾನು ಪಶುವೈದ್ಯೆ ಅಲ್ಲ. ತಪ್ಪು ಮಾಡಿ ಕಲಿತವಳು.

## ಮೊದಲ ದಿನದ ಪ್ರಶ್ನೆಗಳು

ಇದು ಇಲಿನೋ ಹಂದಿನೋ? ನಮ್ಮತ್ತಿ ಮನ್ಯಾಗ ತರಬ್ಯಾಡ ಅಂತಾರ.

ಹಂದಿ ಅಂತೂ ಅಲ್ಲ. ಇಲಿ, ಅಳಿಲು, ಮುಳ್ಳುಹಂದಿ ಇರುವ ಗುಂಪಿನದು. ಮುಳ್ಳುಹಂದಿಯೂ ಹಂದಿ ಅಲ್ಲ, ಅದು ಬೇರೆ ಮಾತು. ಇವುಗಳ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು, ಅಂದರೆ ಪೆರು, ಬೊಲಿವಿಯಾ ಕಡೆ. ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಸಾಕುತ್ತಿದ್ದಾರೆ. ಸಾಕಿ ತಿನ್ನುತ್ತಾರೆ ಅನ್ನೋದನ್ನು ನಾನು ನಮ್ಮ ಅತ್ತೆಗೆ ಇನ್ನೂ ಹೇಳಿಲ್ಲ.

ಅತ್ತೆಗೆ ನಾನು ಹೇಳಿದ್ದು ಮೂರು ಮಾತು. ಬಾಲ ಇಲ್ಲ. ಗೋಡೆ ಹತ್ತುವುದಿಲ್ಲ. ಪಕ್ಕಾ ಶಾಖಾಹಾರಿ. ಮೂರನೆಯದು ಕೇಳಿದ ಮೇಲೆ ಒಪ್ಪಿದರು. ಈಗ ಬೆಳಿಗ್ಗೆ ಪೂಜೆಗೆ ತಂದ ಗರಿಕೆಯಲ್ಲಿ ಒಂದು ಹಿಡಿ ಇವುಗಳಿಗೆ ತೆಗೆದಿಡೋದು ಅವರೇ.

ಒಂದನ್ನs ಕಳಿಸ್ರಿ. ಎರಡೂ ಯಾಕ?

ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಒಂಟಿಯಾಗಿ ಬಿಟ್ಟರೆ ಮೂಲೆ ಹಿಡಿದು ಕೂರುತ್ತವೆ, ಊಟ ಕಡಿಮೆ ಮಾಡುತ್ತವೆ. ಸ್ವಿಟ್ಜರ್ಲೆಂಡ್‌ನಲ್ಲಿ 2008ರ ನಿಯಮದ ಪ್ರಕಾರ ಒಂದೇ ಗಿನಿಪಿಗ್ ಸಾಕುವ ಹಾಗೇ ಇಲ್ಲ. ಕೆಲಸದ ಲೆಕ್ಕದಲ್ಲಿ ಒಂದಕ್ಕೂ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಒಂದು ಹಿಡಿ ಹುಲ್ಲು ಜಾಸ್ತಿ, ಅಷ್ಟೇ.

ಜೊತೆಗೆ ಇರಲಿ ಅಂತ ಮೊಲವನ್ನು ಮಾತ್ರ ಬಿಡಬೇಡಿ. ಮೊಲ ಒಂದು ಸಲ ಒದ್ದರೆ ಗಿನಿಪಿಗ್ ಬೆನ್ನು ಮುರಿಯಬಹುದು. ಮೊಲಕ್ಕೆ ಏನೂ ಮಾಡದ ರೋಗಾಣು ಇವುಗಳಿಗೆ ನ್ಯುಮೋನಿಯಾ ತರುತ್ತದೆ.

ಪಂಜರ ಎಷ್ಟು ದೊಡ್ಡದು ಬೇಕು? ಕೆಳಗ ಏನ್ ಹಾಸಬೇಕು?

ಎರಡಕ್ಕೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲ. ಎತ್ತರಕ್ಕಿಂತ ಓಡಾಡುವ ಜಾಗ ಮುಖ್ಯ. ತಳ ತಂತಿಯ ಜಾಳಿಗೆ ಆಗಿರಬಾರದು, ಪಾದ ಹುಣ್ಣಾಗುತ್ತದೆ. ಸುತ್ತುವ ಚಕ್ರ ಕೊಡಬೇಡಿ. ಅದು ಹ್ಯಾಮ್‌ಸ್ಟರ್‌ಗೆ ಇರುವಂಥದ್ದು, ಇವುಗಳ ಬೆನ್ನಿಗೆ ಆಗಿಬರುವುದಿಲ್ಲ. ಬಚ್ಚಿಟ್ಟುಕೊಳ್ಳಲು ಎರಡು ಜಾಗ ಬೇಕು. ನಮ್ಮಲ್ಲಿ ಬಾಯಿ ಒಡೆದ ಎರಡು ಮಣ್ಣಿನ ಗಡಿಗೆಯನ್ನು ಅಂಚು ಉಜ್ಜಿ ಅಡ್ಡ ಮಲಗಿಸಿದ್ದೇವೆ.

ಕೆಳಗೆ ಹಳೆ ಪೇಪರ್, ಮೇಲೆ ದಪ್ಪ ಹತ್ತಿ ಬಟ್ಟೆ. ಅತ್ತೆಯ ಹಳೆಯ ಇಳಕಲ್ ಸೀರೆಯ ಹತ್ತಿ ಒಡಲು ಚೆನ್ನಾಗಿ ನೀರು ಹೀರುತ್ತದೆ. ಆದರೆ ಅಂಚು ಮಡಚಿ ಹೊಲಿಯಿರಿ. ಬಿಚ್ಚಿದ ಎಳೆ ಕಾಲಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಬಟ್ಟೆ ದಿನಾ ಬದಲಿಸಬೇಕು.

## ಊಟ, ನೀರು

ದಿನಾ ಏನೇನ್ ಕೊಡಬೇಕು? ರೊಟ್ಟಿ ತಿಂತಾವೇನ್ರಿ?

ಕೊಟ್ಟರೆ ತಿನ್ನುತ್ತವೆ. ಕೊಡಬಾರದು. ರೊಟ್ಟಿ, ಚಪಾತಿ, ಅನ್ನ, ಬಿಸ್ಕತ್ತು, ಹಾಲು, ಮೊಸರು ಯಾವುದೂ ಬೇಡ. ಹೆಸರು ಶೇಂಗಾ ಅಂತ ಶೇಂಗಾ ಕೊಟ್ಟವರಿದ್ದಾರೆ. ಗೋಕಾಕದಿಂದ ಬಂದ ನೆಂಟರೊಬ್ಬರು ಪ್ರೀತಿಯಿಂದ ಕರದಂಟು ಮುರಿದು ಪಂಜರದೊಳಗೆ ಇಟ್ಟಿದ್ದರು.

ಇವುಗಳ ಊಟ ಅಂದರೆ ಹುಲ್ಲು. ಹೊಟ್ಟೆಗೆ ಹೋಗುವುದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಒಣಹುಲ್ಲೇ ಇರಬೇಕು, ಹಗಲು ರಾತ್ರಿ ಮುಂದೆ ಇರಬೇಕು. ಕಾರಣ ಎರಡು. ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅರೆದೇ ಅವು ಸವೆಯಬೇಕು. ಇನ್ನೊಂದು, ಕರುಳು ಯಾವಾಗಲೂ ಓಡುತ್ತಿರಬೇಕು. ನಿಂತರೆ ಅನಿಲ ತುಂಬಿ ಜೀವಕ್ಕೇ ಬರುತ್ತದೆ. ನಾವು ಗರಿಕೆಯನ್ನು ನೆರಳಲ್ಲಿ ಒಣಗಿಸಿ ಚೀಲ ತುಂಬಿಡುತ್ತೇವೆ. ಹಸಿ ಗರಿಕೆಯೂ ಸರಿ, ಔಷಧ ಹೊಡೆದ ಜಾಗದ್ದು ಬೇಡ, ರಸ್ತೆ ಬದಿಯದೂ ಬೇಡ.

ಅದರ ಮೇಲೆ ಒಂದೊಂದಕ್ಕೆ ದಿನಕ್ಕೆ ಒಂದು ಬಟ್ಟಲು ಸೊಪ್ಪು ತರಕಾರಿ. ಕೊತ್ತಂಬರಿ, ಮೆಂತ್ಯ, ಮೂಲಂಗಿ ಸೊಪ್ಪು, ಸವತೆಕಾಯಿ. ಪಾಲಕ್, ರಾಜಗಿರಿ ಅಪರೂಪಕ್ಕೆ ಸ್ವಲ್ಪ. ಗಜ್ಜರಿ ಸಿಹಿ ಜಾಸ್ತಿ, ವಾರಕ್ಕೆ ಎರಡು ಚೂರು ಸಾಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಎಂದೂ ಬೇಡ. ನಮ್ಮ ಕಡೆ ದ್ರಾಕ್ಷಿ ಮನೆ ಮನೆಗೆ ಬರುತ್ತದಲ್ವಾ, ಮಕ್ಕಳು ಗೊಂಚಲೇ ಇಡಲು ನೋಡುತ್ತಾರೆ. ಚೆನ್ನಾಗಿ ತೊಳೆದ ಒಂದೇ ಒಂದು ಹಣ್ಣು, ಅದೂ ವಾರಕ್ಕೊಮ್ಮೆ. ಒಣದ್ರಾಕ್ಷಿ ಬರೀ ಸಕ್ಕರೆ, ಅದು ಬೇಡ.

ವಿಟಮಿನ್ ಸಿ, ವಿಟಮಿನ್ ಸಿ ಅಂತ ಅಷ್ಟ್ಯಾಕ ಹೇಳ್ತೀರಿ?

ಮನುಷ್ಯರ ಹಾಗೆ ಗಿನಿಪಿಗ್ ದೇಹವೂ ಅದನ್ನು ತಾನೇ ತಯಾರಿಸಲಾರದು. ನಾಯಿ, ಬೆಕ್ಕು, ಮೊಲ ತಯಾರಿಸಿಕೊಳ್ಳುತ್ತವೆ. ಕೆಲವು ವಾರ ಸಿಗದಿದ್ದರೆ ಸ್ಕರ್ವಿ ಬರುತ್ತದೆ. ಕೂದಲು ಒರಟಾಗುತ್ತದೆ, ಕೀಲು ನೋಯುತ್ತದೆ, ಓಡಾಡಲು ಒಲ್ಲೆ ಅನ್ನುತ್ತವೆ, ಒಸಡಿನಲ್ಲಿ ರಕ್ತ.

ಒಂದಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಹೆಬ್ಬೆರಳು ಗಾತ್ರದ ಪೇರಲ ಚೂರು ಅಥವಾ ಕಾಲು ಡೊಣ್ಣ ಮೆಣಸಿನಕಾಯಿ ಕೊಟ್ಟರೆ ಆಯಿತು. ವಿಟಮಿನ್ ಸಿ ಹನಿಯನ್ನು ನೀರಿಗೆ ಬೆರೆಸಬೇಡಿ. ಬೆಳಕಿಗೆ ಅದು ಬೇಗ ಹಾಳಾಗುತ್ತದೆ, ರುಚಿ ಕೆಟ್ಟು ನೀರು ಕುಡಿಯುವುದನ್ನೂ ಬಿಡುತ್ತವೆ. ಅಂಗಡಿಯಲ್ಲಿ ಮೊಲದ ಆಹಾರವನ್ನೇ ಇದಕ್ಕೂ ನಡೆಯುತ್ತೆ ಅಂತ ಕೊಡುತ್ತಾರೆ. ಮೊಲದ ಆಹಾರದಲ್ಲಿ ವಿಟಮಿನ್ ಸಿ ಹಾಕಿರುವುದಿಲ್ಲ.

ಅಂಗಡ್ಯಾವ್ರು ಇವಕ್ಕ ನೀರ ಬ್ಯಾಡ ಅಂದ್ರು. ಖರೇನಾ?

ಸುಳ್ಳು. ನಮಗೂ ಹೀಗೇ ಹೇಳಿದ್ದರು. ಸೊಪ್ಪಿನಲ್ಲೇ ನೀರಿದೆ ಅನ್ನುವ ವಾದ. ನಾನು ಅಳೆದು ಇಟ್ಟು ನೋಡಿದೆ. ಮೇ ತಿಂಗಳಲ್ಲಿ ಎರಡೂ ಸೇರಿ ಒಂದು ದಿನಕ್ಕೆ ಕಾಲು ಲೀಟರ್ ಹತ್ತಿರ ಕುಡಿದವು. ಬಾಟಲಿ ನೀರು ಮಧ್ಯಾಹ್ನದ ಹೊತ್ತಿಗೆ ಚಹಾ ಹಾಗೆ ಬಿಸಿ ಆಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಉರುಳದಂಥ ದಪ್ಪ ಮಣ್ಣಿನ ಬಟ್ಟಲೂ ಇಡಿ. ದಿನಕ್ಕೆ ಮೂರು ಸಲ ನೀರು ಬದಲಿಸಿ.

ಹೊಲದಿಂದ ಜೋಳದ ಮೇವು ತಂದ್ ಹಾಕಬಹುದಾ?

ಹಸಿ ಜೋಳ ಬೇಡವೇ ಬೇಡ. ಎಳೆ ಜೋಳದಲ್ಲಿ, ಅದರಲ್ಲೂ ಮಳೆ ಇಲ್ಲದೆ ಬಾಡಿದ ಬೆಳೆಯಲ್ಲಿ, ಸಯನೈಡ್ ಬಿಡುವ ವಿಷ ಇರುತ್ತದೆ. ಎಳೆ ಜೋಳಕ್ಕೆ ಬಾಯಿ ಹಾಕಿದ ದನ ಹೊಟ್ಟೆ ಉಬ್ಬಿ ಒದ್ದಾಡಿದ್ದನ್ನು ಹೊಲದವರು ಯಾರೂ ಮರೆಯುವುದಿಲ್ಲ. ಒಂದು ಕಿಲೋ ತೂಗದ ಪ್ರಾಣಿಯ ಮೇಲೆ ಆ ಪರೀಕ್ಷೆ ಯಾಕೆ? ಒಣ ಕಣಿಕೆ ಅಷ್ಟು ಅಪಾಯ ಅಲ್ಲ, ಆದರೆ ಕಟ್ಟಿಗೆ ಹಾಗೆ ಗಟ್ಟಿ. ಕುದುರೆ ಮೆಂತ್ಯದ ಮೇವು ಮರಿಗಳಿಗೆ ಒಳ್ಳೆಯದು. ದೊಡ್ಡವಕ್ಕೆ ಅದರ ಸುಣ್ಣದ ಅಂಶ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು.

## ಬಿಸಿಲು

ನಮ್ಮ ಬಿಸಲಾಗ ಬದುಕ್ತಾವಾ?

ಉಳಿದ ಪ್ರಶ್ನೆಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೂ ಇದೇ ತೂಕದ್ದು. ಇವುಗಳಿಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ. 27 ದಾಟಿದರೆ ಕಷ್ಟ, 30ರ ಮೇಲೆ ಅಪಾಯ. ಬೇಸಿಗೆ ರಜೆ ಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ವಿಜಯಪುರ, ಬಾಗಲಕೋಟೆಯಲ್ಲಿ ಮಧ್ಯಾಹ್ನ 40 ಆಗುವುದು ಮಾಮೂಲು. ಬೆಳಗಾವಿಯವರಿಗೆ ಇಷ್ಟು ಸುಡುವುದಿಲ್ಲ, ಅವರ ಪುಣ್ಯ. ಅಂದರೆ ಶಾಲೆ ಇವನ್ನು ನಮ್ಮ ಕೈಗೆ ಕೊಡುವುದೇ ವರ್ಷದ ಅತಿ ಕೆಟ್ಟ ಹೊತ್ತಿನಲ್ಲಿ.

ಇವು ಬೆವರುವುದಿಲ್ಲ. ಹಾಗಾಗಿ ಫ್ಯಾನ್ ಹಾಕಿದ್ದೇವೆ ಅಂದರೆ ಏನೂ ಮಾಡಿಲ್ಲ ಅಂತಲೇ ಅರ್ಥ. ಬಿಸಿ ಗಾಳಿ ತಿರುಗುತ್ತದೆ, ಅಷ್ಟೇ. ನೀರಿನ ಕೂಲರ್ ನಮ್ಮ ಒಣ ಹವೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ ನೇರ ಪಂಜರಕ್ಕೆ ಹೊಡೆಯಬಾರದು, ಕೋಣೆ ತಂಪಾಗಬೇಕು. ಮೇಲ್ಮನೆ ಬೇಡ, ಸ್ಲ್ಯಾಬ್ ಸಂಜೆವರೆಗೂ ಶಾಖ ಬಿಡುತ್ತಿರುತ್ತದೆ. ಕೆಳಮನೆಯ ಉತ್ತರದ ಕೋಣೆ, ಶಹಾಬಾದ್ ಫರಸಿ ಇದ್ದರೆ ಇನ್ನೂ ಚೆನ್ನ. ಇವು ಹೊಟ್ಟೆ ಅಪ್ಪಳಿಸಿ ಫರಸಿ ಮೇಲೆ ರೊಟ್ಟಿ ಹಾಗೆ ಮಲಗುತ್ತವೆ. ಕಿಟಕಿಗೆ ನೆನೆಸಿದ ಗೋಣಿತಟ್ಟು ಕಟ್ಟಿ. ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಗಡ್ಡೆ ಕಟ್ಟಿಸಿ ಬಟ್ಟೆ ಸುತ್ತಿ ಒಂದು ಬದಿಗೆ ಇಡಿ. ಬೇಕಾದರೆ ಒರಗಲಿ, ಸಾಕಾದರೆ ಸರಿಯಲಿ.

ಊರಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರು ಅದೃಷ್ಟವಂತರು. ಎರಡನೇ ಬೇಸಿಗೆಯಲ್ಲಿ ಮೂರು ವಾರ ನಾವು ಇವನ್ನು ಹಳ್ಳಿಮನೆಯ ಒಳಕೋಣೆಯಲ್ಲಿ ಇಟ್ಟಿದ್ದೆವು. ಎರಡು ಅಡಿ ದಪ್ಪದ ಗೋಡೆ. ಕೂಲರ್ ಇಲ್ಲದೆಯೂ ಪಟ್ಟಣದ ಮನೆಗಿಂತ ಅಲ್ಲೇ ಆರಾಮವಾಗಿದ್ದವು. ಹತ್ತು ರೂಪಾಯಿ ಉಳಿಸಲು ಹೋಗದೆ ಗೋಡೆಗೆ ಒಂದು ತಾಪಮಾಪಕ ಹಾಕಿ. ನಮ್ಮ ಮೈಯ ಅಂದಾಜು ಇವುಗಳಿಗೆ ನಡೆಯುವುದಿಲ್ಲ.

ಕರೆಂಟ್ ಹೋದ್ರ ಏನ್ ಮಾಡೋದು?

ಮೊದಲ ಬೇಸಿಗೆ, ಏಪ್ರಿಲ್ ಕೊನೆಯ ವಾರ. ಊಟ ಮಾಡಿ ಎಲ್ಲರೂ ಒರಗಿದ್ದೆವು. ಎರಡೂವರೆಗೆ ಕರೆಂಟ್ ಹೋಗಿದೆ, ಕೂಲರ್ ನಿಂತಿದೆ, ನಿದ್ದೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕಕ್ಕೆ ಎದ್ದು ನೋಡಿದರೆ ಬೆಲ್ಲ ಒಂದು ಮಗ್ಗುಲಿಗೆ ಕಾಲು ಚಾಚಿ ಬಿದ್ದಿತ್ತು. ಗದ್ದದ ಕೂದಲು ಜೊಲ್ಲಿಗೆ ಒದ್ದೆ. ಪಕ್ಕೆ ಹೊಲಿಗೆ ಯಂತ್ರದ ಹಾಗೆ ಬಡಿಯುತ್ತಿತ್ತು. ಕಿವಿ ಮುಟ್ಟಿದರೆ ಸುಡುತ್ತಿತ್ತು. ಕೊತ್ತಂಬರಿ ಮೂಗಿಗೆ ಹಿಡಿದರೂ ತಿರುಗಲಿಲ್ಲ.

ನಮ್ಮ ಮನೆಯವರು ಗಾಬರಿಯಿಂದ ಐಸ್ ತಂದರು. ಐಸ್ ಹಚ್ಚಬಾರದು. ಚರ್ಮದ ರಕ್ತನಾಳ ಬಿಗಿದು ಒಳಗಿನ ಶಾಖ ಒಳಗೇ ಉಳಿಯುತ್ತದೆ. ಫೋನಿನಲ್ಲಿ ಪಶುವೈದ್ಯರು ಹೇಳಿದ ಹಾಗೆ ಹರವಿಯ ತಣ್ಣನೆ ನೀರಲ್ಲಿ ಬಟ್ಟೆ ಅದ್ದಿ ಕಿವಿ, ಪಾದ, ಹೊಟ್ಟೆ ಒರೆಸಿದೆವು. ಒದ್ದೆ ಮೈಗೆ ಬೀಸಣಿಗೆ ಬೀಸಿದೆವು. ಆಗ ಮಾತ್ರ ಗಾಳಿಗೆ ಉಪಯೋಗ ಇದೆ. ಬಾಯಿಗೆ ನೀರು ಸುರಿಯಲಿಲ್ಲ, ಶ್ವಾಸಕ್ಕೆ ಹೋಗುತ್ತದೆ. ತುಟಿಗೆ ಹನಿ ಮುಟ್ಟಿಸಿದೆವು, ನೆಕ್ಕಿತು. ಇಪ್ಪತ್ತು ನಿಮಿಷಕ್ಕೆ ಎದ್ದು ಕೂತಿತು. ಎದ್ದು ಕೂತರೂ ಅವತ್ತೇ ದವಾಖಾನೆಗೆ ಒಯ್ದೆವು. ಒಳಗಿನ ಪೆಟ್ಟು ಆಮೇಲೆ ತೋರಿಕೊಳ್ಳಬಹುದು ಅಂದರು.

ಈಗ ಕೂಲರ್ ಇನ್ವರ್ಟರ್ ಮೇಲಿದೆ. ಮಧ್ಯಾಹ್ನ 12ರಿಂದ 5ರವರೆಗೆ ಮನೆಯಲ್ಲಿ ಒಬ್ಬರಾದರೂ ಎಚ್ಚರ ಇರಬೇಕು. ಇದು ಆಗದ ಮನೆಯವರು ಬೇಸಿಗೆ ಸರದಿ ತಗೋಬೇಡಿ, ದಸರಾದ್ದು ತಗೊಳ್ಳಿ. ಇದನ್ನು ಮುಲಾಜಿಲ್ಲದೆ ಹೇಳುತ್ತೇನೆ.

## ಮಕ್ಕಳು, ಮನೆಮಂದಿ

ನನ್ನ ಮಗ ಎಲ್ಲಾ ನಾನs ನೋಡ್ಕೋತೀನಿ ಅಂತಾನ. ಬಿಡಬಹುದಾ?

ಮೂರು ದಿನ ನೋಡುತ್ತಾನೆ. ನಾಲ್ಕನೇ ದಿನ ಕ್ರಿಕೆಟ್. ತಪ್ಪು ಅವನದಲ್ಲ, ಒಂಬತ್ತು ವರ್ಷದವರು ಹಾಗೇ ಇರುತ್ತಾರೆ. ಹುಲ್ಲು ಹಾಕುವುದು, ತೂಕ ಬರೆಯುವುದು ಮಕ್ಕಳಿಗೆ ಬಿಡಿ. ನೀರು, ತಂಪು, ಊಟ ತಿಂದವಾ ಅನ್ನುವ ಲೆಕ್ಕ ದೊಡ್ಡವರ ಕೈಯಲ್ಲೇ ಇರಲಿ. ಸಹಿ ಮಾಡಿ ತಂದವರು ನಾವಲ್ವಾ?

ಎತ್ತಿಕೊಂಡ್ರ ಕಡೀತಾವಾ?

ಕಡಿಯುವುದು ಬಹಳ ಅಪರೂಪ. ಹೆದರಿದರೆ ಕಲ್ಲಿನ ಹಾಗೆ ನಿಂತುಬಿಡುತ್ತವೆ, ಇಲ್ಲ ಓಡುತ್ತವೆ. ಅಪಾಯ ಇರುವುದು ಅವಕ್ಕೆ. ಮಗುವಿನ ಕೈಯಿಂದ ಜಾರಿ ಬಿದ್ದರೆ ಕಾಲು ಮುರಿಯುತ್ತದೆ. ಮಗು ನೆಲದ ಮೇಲೆ ಕೂತಿರಬೇಕು. ಒಂದು ಕೈ ಎದೆಗೆ, ಇನ್ನೊಂದು ಕೈ ಹಿಂಭಾಗಕ್ಕೆ. ಅಕಸ್ಮಾತ್ ಕಚ್ಚಿ ರಕ್ತ ಬಂದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಯಾಕ ಹಿಂಗ ಕೂಗ್ತಾವು? ಬಾಜೂ ಮನಿಯವ್ರು ಕೇಳಾಕತ್ತಾರ.

ಫ್ರಿಜ್ ಬಾಗಿಲು ತೆಗೆದಿರಾ? ಕೊತ್ತಂಬರಿ ಕವರ್ ಸರಪರ ಅಂದಿತಾ? ಅದಕ್ಕೇ. 'ವೀಕ್ ವೀಕ್' ಅಂತ ಕೂಗಿದರೆ ಊಟ ತಾ ಅಂತ ಅರ್ಥ. ಗೋಳಗುಮ್ಮಟದಲ್ಲಿ ಕೂಗಿದ ಹಾಗೆ ಮನೆಯೆಲ್ಲ ತುಂಬುತ್ತದೆ. ಸಣ್ಣಗೆ ಗುರುಗುಟ್ಟಿದರೆ ಆರಾಮವಾಗಿವೆ. ಹಲ್ಲು ಕಟಕಟ ಅಂದರೆ ಸಿಟ್ಟು, ಕೈ ಹಾಕಬೇಡಿ. ನಿಂತಲ್ಲೇ ಹುರಿಗಡಲೆ ಸಿಡಿದ ಹಾಗೆ ಜಿಗಿದರೆ ಖುಷಿ. ಮೊದಲ ಸಲ ನೋಡಿದಾಗ ನಮ್ಮ ಅತ್ತೆ ಫಿಟ್ಸ್ ಬಂತು ಅಂತ ಕೂಗಿದ್ದರು.

ತಮ್ಮ ಹಿಕ್ಕಿ ತಾವs ತಿಂತಾವು! ರೋಗ ಬಂದೈತೇನು?

ಇಲ್ಲ. ಮೆತ್ತನೆಯ ಒಂದು ಬಗೆಯ ಹಿಕ್ಕೆಯನ್ನು ಮತ್ತೆ ತಿನ್ನುವುದು ಇವುಗಳ ಕ್ರಮ. ದನ ಮೆಲುಕು ಹಾಕುತ್ತದಲ್ವಾ, ಇದೂ ಹಾಗೆ. ಮೊದಲ ಸಲ ದಕ್ಕದ ಪೋಷಕಾಂಶ ಎರಡನೇ ಸಲ ಸಿಗುತ್ತದೆ. ಮೂತ್ರ ಒಣಗಿದ ಮೇಲೆ ಬಿಳಿ ಪುಡಿ ಕಂಡರೂ ಹೆದರಬೇಡಿ, ಅದು ಸುಣ್ಣದ ಅಂಶ. ಕೆಂಪು ಕಂಡರೆ ಮಾತ್ರ ದವಾಖಾನೆ.

ಮನ್ಯಾಗ ಸಣ್ಣ ಕೂಸು ಐತಿ, ಯಜಮಾನ್ರಿಗೆ ಆಸ್ತಮಾ ಐತಿ. ತರಬಹುದಾ?

ಆಸ್ತಮಾ ಇದ್ದರೆ ಬೇಡ. ಕೂದಲು, ಒಣಹುಲ್ಲಿನ ಧೂಳು ಎರಡೂ ತೊಂದರೆ ಕೊಡುತ್ತವೆ. ಕೂಸಿದ್ದರೆ ಪಂಜರ ಬೇರೆ ಕೋಣೆಯಲ್ಲಿ. ಮುಟ್ಟಿದ ಮೇಲೆ ಎಲ್ಲರೂ ಕೈ ತೊಳೆಯಬೇಕು. ಇವುಗಳ ಮೈಮೇಲೆ ದುಂಡಗೆ ಕೂದಲು ಉದುರಿದ್ದರೆ ಹುಳಕಡ್ಡಿ ಇರಬಹುದು, ಅದು ಮಕ್ಕಳಿಗೂ ಅಂಟುತ್ತದೆ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಊರಿಗೆ ಹೋಗಬೇಕು. ಒಯ್ಯೋದಾ, ಬಿಟ್ಟು ಹೋಗೋದಾ?

ಒಂದು ರಾತ್ರಿಯೂ ಒಂಟಿ ಮನೆಯಲ್ಲಿ ಬಿಡಬೇಡಿ. ನೋಡುವವರಿದ್ದರೆ ಬಿಟ್ಟು ಹೋಗುವುದೇ ಉತ್ತಮ. ನಾವು ಬಾಗಲಕೋಟೆಗೆ ಒಯ್ದಾಗ ಬೆಳಿಗ್ಗೆ ಐದಕ್ಕೇ ಹೊರಟಿದ್ದೆವು. ಗಾಳಿಯಾಡುವ ಬುಟ್ಟಿ, ಕೆಳಗೆ ಬಟ್ಟೆ, ತುಂಬಾ ಹುಲ್ಲು, ಒಂದು ಸವತೆಕಾಯಿ. ನೀರಿನ ಬಟ್ಟಲು ಚೆಲ್ಲುತ್ತದೆ, ಸವತೆಕಾಯಿ ಚೆಲ್ಲುವುದಿಲ್ಲ. ಕೊಲ್ಹಾರದಲ್ಲಿ ಮೊಸರಿಗೆ ನಿಂತಾಗ ಎಲ್ಲರೂ ಇಳಿಯಬೇಡಿ. ನಿಂತ ಕಾರು ಹತ್ತು ನಿಮಿಷಕ್ಕೆ ಒಲೆಯಾಗುತ್ತದೆ.

ಡಾಕ್ಟರಿಗೆ ಯಾವಾಗ ತೋರಿಸಬೇಕು? ಸುಮ್ನೆ ಮಂಕಾಗಿರಬಹುದಲ್ಲಾ?

ಸುಮ್ನೆ ಮಂಕಾಗುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ ರೋಗ ಮುಚ್ಚಿಡುತ್ತದೆ, ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯ ಮೇಲೆ ಸ್ಟೀಲ್ ಬೋಗುಣಿ ಇಟ್ಟು ತೂಕ ನೋಡುತ್ತೇವೆ. ಬೆಲ್ಲ 845 ಗ್ರಾಂ, ಶೇಂಗಾ 910. ವಾರದಲ್ಲಿ 50 ಗ್ರಾಂ ಇಳಿದರೆ ದಿನಾ ತೂಗಿ. 100 ಇಳಿದರೆ ಹೊರಡಿ. 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ನಿಂತರೆ, ಉಸಿರಾಟದಲ್ಲಿ ಸದ್ದು ಬಂದರೆ ತೂಕಕ್ಕೂ ಕಾಯಬೇಡಿ.

ನಮ್ಮ ಕಡೆಯ ದವಾಖಾನೆಗಳಲ್ಲಿ ಎಮ್ಮೆ, ಆಕಳು, ಆಡು, ನಾಯಿ ನೋಡಿದ ಕೈಗಳೇ ಜಾಸ್ತಿ. ಇದು ಗಿನಿಪಿಗ್ ಅಂತ ಮೊದಲೇ ಫೋನ್ ಮಾಡಿ ಕೇಳಿ. ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ: ಪೆನ್ಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಇವಕ್ಕೆ ಆಗುವುದಿಲ್ಲ. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಕ್ಕೆ ತರುತ್ತವೆ. ನಮಗೆ ಒಮ್ಮೆ ಅಂಥದ್ದೇ ಸಿರಪ್ ಬರೆದುಕೊಟ್ಟಿದ್ದರು. ಕೇಳಿದಾಗ ಅವರೇ ಪುಸ್ತಕ ತೆಗೆದು ನೋಡಿ ಬದಲಿಸಿದರು. ಕೇಳುವುದಕ್ಕೆ ಸಂಕೋಚ ಬೇಡ. ಮನೆಯಲ್ಲಿ ಉಳಿದ ಮಕ್ಕಳ ಸಿರಪ್ ಅಂತೂ ಹಾಕಲೇಬೇಡಿ.

ಎರಡೂ ಹೆಣ್ಣು ಅಂದಿದ್ರು. ಈಗ ಮರಿ ಹಾಕೇತಿ!

ಅಂಗಡಿಯಲ್ಲಿ ಗಂಡು ಹೆಣ್ಣು ಗುರುತಿಸುವುದರಲ್ಲಿ ಇಂಥ ತಪ್ಪು ಆಗುತ್ತಲೇ ಇರುತ್ತದೆ. ಗರ್ಭ 59ರಿಂದ 72 ದಿನ. ಮರಿ ಹುಟ್ಟುವಾಗಲೇ ಮೈತುಂಬಾ ಕೂದಲು, ತೆರೆದ ಕಣ್ಣು. ಅವತ್ತೇ ಓಡಾಡುತ್ತವೆ. ಗಂಡನ್ನು ಆ ಕ್ಷಣವೇ ಬೇರೆ ಮಾಡಿ, ಹೆತ್ತ ಕೆಲವೇ ಗಂಟೆಯಲ್ಲಿ ತಾಯಿ ಮತ್ತೆ ಗಬ್ಬವಾಗಬಲ್ಲದು. ಗಂಡು ಮರಿಗಳನ್ನು ಮೂರು ವಾರಕ್ಕೆ ತಾಯಿಯಿಂದ ಬೇರೆ ಮಾಡಬೇಕು. ಮರಿ ಮಾಡಿಸೋಣ ಅನ್ನುವ ಆಸೆ ಬೇಡ. ಆರೇಳು ತಿಂಗಳ ಒಳಗೆ ಒಮ್ಮೆಯೂ ಹೆರದ ಹೆಣ್ಣಿನ ಸೊಂಟದ ಮೂಳೆ ಗಟ್ಟಿಯಾಗಿ ಕೂಡಿಬಿಡುತ್ತದೆ. ಆಮೇಲೆ ಹೆರಿಗೆ ಕಷ್ಟ.

ನಮ್ಮ ಶಾಲ್ಯಾಗ ಗಿಣಿ ಐತಿ, ಒಂದ್ ನಕ್ಷತ್ರ ಆಮಿನೂ ಐತಿ. ಅವನ್ನೂ ರಜಾಕ್ಕ ತರಬಹುದಾ?

ತರಬೇಡಿ. ಶಾಲೆಯಲ್ಲೂ ಇರಬಾರದು. ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆ, ಕಾಡು ಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತವೆ. ಸಾಕುವುದು ಅಪರಾಧ. ಸುಮ್ನೆ ಹೊಲಕ್ಕೆ ಬಿಟ್ಟು ಬರುವುದೂ ಸರಿಯಲ್ಲ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಗಿನಿಪಿಗ್, ಸಾಕು ಮೊಲ, ಗೋಲ್ಡ್‌ಫಿಶ್‌ಗೆ ಈ ತೊಡಕಿಲ್ಲ.

ನಮ್ಮ ಮನ್ಯಾಗಿದ್ದಾಗ ಸತ್ತರ?

ಸರದಿ ತಗೊಳ್ಳುವ ಮೊದಲೇ ಟೀಚರ್ ಹತ್ತಿರ ಇದನ್ನು ಮಾತಾಡಿ. ಇವುಗಳ ಆಯಸ್ಸು 5ರಿಂದ 8 ವರ್ಷ, ಯಾರದೋ ಸರದಿಯಲ್ಲಿ ಅದು ಆಗಿಯೇ ಆಗುತ್ತದೆ. ಅದೇ ದಿನ ಶಾಲೆಗೆ ತಿಳಿಸಿ. ಅದೇ ಬಣ್ಣದ್ದು ಹುಡುಕಿ ತಂದಿಡುವ ಉಪಾಯ ನಡೆಯುವುದಿಲ್ಲ. ಶೇಂಗಾಳ ಎಡಗಿವಿಯ ಅಂಚಿನಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಇದೆ, ನನಗೆ ಅದನ್ನು ತೋರಿಸಿಕೊಟ್ಟದ್ದೇ ಒಂದು ಮಗು. ಜೊತೆಗಾರ ಸತ್ತ ಮೇಲೆ ಉಳಿದದ್ದು ಊಟ ಬಿಡಬಹುದು, ಅದರ ತೂಕ ದಿನಾ ನೋಡಿ.

ವಾಪಸ್ ಕೊಡುವಾಗ ಏನೇನ್ ಕೊಡಬೇಕು?

ತೊಳೆದ ಪಂಜರ, ಒಂದು ವಾರದ ಹುಲ್ಲು, ಮತ್ತು ವಹಿ. ವಹಿಯಲ್ಲಿ ತೂಕ, ತಿಂದದ್ದು, ಬಿಟ್ಟದ್ದು, ಔಷಧ ಕೊಟ್ಟ ದಿನ. ಹೊಸ ಜಾಗದಲ್ಲಿ ಎರಡು ದಿನ ಮುದುಡಿ ಕೂರುತ್ತವೆ, ಆದ್ದರಿಂದ ಮನೆಯ ವಾಸನೆ ಇರುವ ಬಟ್ಟೆಯೊಂದನ್ನು ತೊಳೆಯದೆ ಜೊತೆಗಿಡಿ. ಕಳೆದ ಸಲ ನಮ್ಮ ಮಗಳು ವಹಿಯ ಕೊನೆ ಪುಟದಲ್ಲಿ ಹೀಗೆ ಬರೆದಿದ್ದಳು: 'ಬೆಲ್ಲಕ್ಕೆ ಕೊತ್ತಂಬರಿ ದಂಟು ಸೇರುವುದಿಲ್ಲ. ಎಲೆ ಬಿಡಿಸಿ ಕೊಡಬೇಕು. ದಂಟು ಶೇಂಗಾಗೆ.'